ಗೊಟ್ಟ ಹಾಕುವಾಗ ದನದ ತಲೆ ಎತ್ತಬೇಡಿ

ದನಕ್ಕೆ ಮೈ ಸರಿಯಿಲ್ಲವೆಂದರೆ ಮೊದಲು ಗೊಟ್ಟ ಹುಡುಕುವುದು ನಮ್ಮ ರೈತರ ಮನೆಗಳಲ್ಲಿ ತಲೆತಲಾಂತರದಿಂದ ಬಂದ ರೂಢಿ. ಬಿದಿರಿನ ಒಂದು ಗೆಣ್ಣನ್ನು ಓರೆಯಾಗಿ ಕತ್ತರಿಸಿ ಮಾಡಿದ ಈ ಕೊಳವೆಯಿಂದ ಕಷಾಯ, ಎಣ್ಣೆ, ಬೆಲ್ಲದ ನೀರು, ಜಂತುಹುಳದ ಔಷಧ ಇವೆಲ್ಲವನ್ನೂ ಕುಡಿಸುತ್ತಾರೆ. ಈಚೆಗೆ ಗೊಟ್ಟದ ಜಾಗಕ್ಕೆ ಪ್ಲಾಸ್ಟಿಕ್ ಸೀಸೆ ಬಂದಿದೆ. ಸಾಧನ ಬದಲಾದರೂ ಕುಡಿಸುವ ಭಂಗಿ ಬದಲಾಗಿಲ್ಲ. ಒಬ್ಬರು ಮೂಗುದಾರವನ್ನೋ ಮೂಗಿನ ಹೊಳ್ಳೆಯನ್ನೋ ಹಿಡಿದು ದನದ ಮೂತಿಯನ್ನು ಆಕಾಶಕ್ಕೆ ಎತ್ತುತ್ತಾರೆ. ಇನ್ನೊಬ್ಬರು ನಾಲಿಗೆಯನ್ನು ಪಕ್ಕಕ್ಕೆ ಎಳೆದು ಹಿಡಿದು, ಗೊಟ್ಟವನ್ನು ಗಂಟಲವರೆಗೆ ತೂರಿಸಿ ಒಂದೇ ಸಮನೆ ಸುರಿಯುತ್ತಾರೆ. ಔಷಧವು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋಗಲು ಇದಕ್ಕಿಂತ ಸುಲಭವಾದ ದಾರಿ ಬೇರೊಂದಿಲ್ಲ.

ಹೀಗೆ ದಾರಿ ತಪ್ಪಿದ ಔಷಧದಿಂದ ಬರುವ ಕಾಯಿಲೆಗೆ ಪಶುವೈದ್ಯರು ಗೊಟ್ಟದ ನ್ಯುಮೋನಿಯಾ ಎನ್ನುತ್ತಾರೆ. ಸಣ್ಣ ಅಜೀರ್ಣವೆಂದು ಕಷಾಯ ಕುಡಿಸಿದ ದನ ಮೂರನೆಯ ದಿನ ಸತ್ತರೆ, ಅಜೀರ್ಣದಿಂದ ಸತ್ತಿತೆಂದೋ, ದೃಷ್ಟಿ ತಾಗಿತೆಂದೋ, ಹಾವು ಮುಟ್ಟಿರಬೇಕೆಂದೋ ಮನೆಯವರು ತಿಳಿಯುತ್ತಾರೆ. ಔಷಧ ಕುಡಿಸಿದ ಭಂಗಿಯಿಂದ ಸತ್ತಿತೆಂದು ಯಾರ ತಲೆಗೂ ಹೊಳೆಯುವುದಿಲ್ಲ.

ಬೇಸಾಯಶಾಸ್ತ್ರದವನಾದ ನನಗೆ ಇದರಲ್ಲೇನು ಕೆಲಸವೆಂದು ಓದುಗರು ಕೇಳಬಹುದು. ಮೇವಿನ ಬೆಳೆಗಳ ಕೆಲಸಕ್ಕಾಗಿ ಹಟ್ಟಿಯಿಂದ ಹಟ್ಟಿಗೆ ತಿರುಗುವವನಿಗೆ ಹುಲ್ಲಿನ ಜೊತೆಗೆ ಹುಲ್ಲು ತಿನ್ನುವ ದನವೂ ಕಣ್ಣಿಗೆ ಬೀಳುತ್ತದೆ. ಅಲ್ಲದೆ ಹೆಸರಿನ ಮುಂದೆ ಡಾಕ್ಟರ್ ಎಂಬ ಪದವಿದ್ದರೆ ಸಾಕು, ಹಳ್ಳಿಯಲ್ಲಿ ದನದ ಡಾಕ್ಟರೇ ಬಂದರೆಂದು ಸುದ್ದಿಯಾಗುತ್ತದೆ. ಅಲ್ಲವೆಂದು ಹೇಳುವಷ್ಟರಲ್ಲಿ ಯಾರಾದರೂ ಕೈಹಿಡಿದು ಹಟ್ಟಿಗೆ ಕರೆದೊಯ್ದಿರುತ್ತಾರೆ.

ಬಿಕರ್ನಕಟ್ಟೆಯ ಒಂದು ಹಟ್ಟಿಯಲ್ಲಿ

ಮಂಗಳೂರಿನಿಂದ ಮೂಡುಬಿದಿರೆ, ಕಾರ್ಕಳದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ನಂತೂರು ದಾಟಿದ ಮೇಲೆ ಸಿಗುವ ಊರು ಬಿಕರ್ನಕಟ್ಟೆ. ಕಾರ್ಮೆಲ್ ಗುಡ್ಡದ ಮೇಲಿನ ಬಾಲಯೇಸುವಿನ ಪುಣ್ಯಕ್ಷೇತ್ರದಿಂದಾಗಿ ದೂರದ ಊರಿನವರಿಗೂ ಈ ಹೆಸರು ಗೊತ್ತು. ಅಲ್ಲಿಂದ ಸ್ವಲ್ಪ ಮುಂದೆ ಕುಲಶೇಖರದಲ್ಲಿ ದಕ್ಷಿಣ ಕನ್ನಡ ಸಹಕಾರಿ ಹಾಲು ಉತ್ಪಾದಕರ ಒಕ್ಕೂಟದ ಡೇರಿ ಇದೆ. ದಕ್ಷಿಣ ಕನ್ನಡ ಮತ್ತು ಉಡುಪಿ ಎರಡೂ ಜಿಲ್ಲೆಗಳ ಹಾಲು ಈ ಒಕ್ಕೂಟಕ್ಕೆ ಸೇರುತ್ತದೆ. ಬಿಕರ್ನಕಟ್ಟೆ ಈಗ ನಗರದ ಭಾಗವೇ ಆಗಿದ್ದು, ಗದ್ದೆಗಳಿದ್ದಲ್ಲಿ ಮನೆಗಳೆದ್ದಿವೆ. ಆದರೂ ಹಿತ್ತಲಿನಲ್ಲಿ ಒಂದೆರಡು ದನಗಳನ್ನು ಇಟ್ಟುಕೊಂಡು ಅಕ್ಕಪಕ್ಕದ ನಾಲ್ಕು ಮನೆಗೆ ಹಾಲು ಕೊಡುವವರು ಇಂತಹ ಊರುಗಳಲ್ಲಿ ಪೂರಾ ಇಲ್ಲವಾಗಿಲ್ಲ.

ಅಂತಹ ಒಂದು ಮನೆಗೆ ನೇಪಿಯರ್ ಹುಲ್ಲಿನ ತುಂಡುಗಳನ್ನು ನೆಡುವ ವಿಷಯ ಮಾತನಾಡಲು ಹೋಗಿದ್ದೆ. ಹಟ್ಟಿಯಲ್ಲಿ ಕಪ್ಪು ಬಿಳುಪಿನ ಒಂದು ಮಿಶ್ರತಳಿಯ ಹಸು ನಿಂತಿತ್ತು. ಕತ್ತು ಮುಂದಕ್ಕೆ ಚಾಚಿ, ಮೂಗಿನ ಹೊಳ್ಳೆ ಅರಳಿಸಿ, ಒಂದೇ ಸಮನೆ ಏದುಸಿರು ಬಿಡುತ್ತಿತ್ತು. ಉಸಿರಿನಲ್ಲಿ ಕೊಳೆತ ವಾಸನೆ.

ಮನೆಯ ಹಿರಿಯ ಹೆಂಗಸು ಹೇಳಿದರು: “ಮೊನ್ನೆ ಹಲಸಿನ ರೆಚ್ಚೆ ಸ್ವಲ್ಪ ಹೆಚ್ಚು ತಿಂದಿತ್ತು ಡಾಕ್ಟ್ರೇ, ಮತ್ತೆ ಅಕ್ಕಚ್ಚು ಮುಟ್ಟಲಿಲ್ಲ. ಶುಂಠಿ, ಓಮ, ಕರಿಮೆಣಸು ಹಾಕಿ ಕಷಾಯ ಕೊಟ್ಟದ್ದು. ಅಷ್ಟೂ ಕುಡಿದಿದೆ.”

“ಹೇಗೆ ಕುಡಿಸಿದ್ದು ಅಮ್ಮಾ?”

“ಅದು ತಲೆ ಅಲ್ಲಾಡಿಸ್ತದಲ್ಲ, ಹಾಗೆ ಹಗ್ಗವನ್ನು ಮೇಲಿನ ಪಕ್ಕಾಸಿಗೆ ಕಟ್ಟಿದ್ದು. ಸ್ವಲ್ಪ ಕೆಮ್ಮಿತು. ಖಾರಕ್ಕೆ ಅಂತ ಗ್ರಹಿಸಿದೆವು.”

ಒಂದೂವರೆ ಲೀಟರು ಕಷಾಯವನ್ನು ಹಾಗೆ ಸುರಿದಿದ್ದರು. ಪಶುವೈದ್ಯರು ಅದೇ ದಿನ ಬಂದು ಎದೆಗೆ ಕೊಳವೆಯಿಟ್ಟು ನೋಡಿ, ಇಂಜೆಕ್ಷನ್ ಕೊಟ್ಟರು. ಆದರೆ ಹಸು ಉಳಿಯಲಿಲ್ಲ. ರೆಚ್ಚೆಯಿಂದಾದ ಅಜೀರ್ಣ ಸಣ್ಣದೇ ಆಗಿದ್ದೀತು. ಕೊಂದದ್ದು ಪಕ್ಕಾಸಿಗೆ ಕಟ್ಟಿದ ಹಗ್ಗ. ಅರ್ಧ ಲಕ್ಷ ರೂಪಾಯಿಗೂ ಮಿಕ್ಕಿದ ಬೆಲೆಯ ಪ್ರಾಣಿ ಹೀಗೆ ಹೋದರೆ ಒಂದೆರಡು ದನ ಸಾಕುವ ಮನೆ ಬಹಳ ಕಾಲ ಚೇತರಿಸಿಕೊಳ್ಳುವುದಿಲ್ಲ.

ಗಂಟಲಲ್ಲಿ ಎರಡು ದಾರಿ ಕೂಡುತ್ತವೆ

ದನದ ಗಂಟಲು ಒಂದು ಕೂಡುರಸ್ತೆಯಿದ್ದಂತೆ. ಮೂಗಿನಿಂದ ಬರುವ ಗಾಳಿ ಕೆಳಬದಿಯ ಶ್ವಾಸನಾಳಕ್ಕೆ ಹೋಗಬೇಕು, ಬಾಯಿಯಿಂದ ಬರುವ ಮೇವು ನೀರು ಮೇಲ್ಬದಿಯ ಅನ್ನನಾಳಕ್ಕೆ ಹೋಗಬೇಕು. ಎರಡೂ ಗಂಟಲಿನಲ್ಲಿ ಒಂದನ್ನೊಂದು ಅಡ್ಡ ಹಾಯುತ್ತವೆ. ನುಂಗುವ ಕ್ಷಣದಲ್ಲಿ ನಾಲಿಗೆಯು ತುತ್ತನ್ನು ಹಿಂದಕ್ಕೆ ತಳ್ಳುತ್ತದೆ, ಧ್ವನಿಪೆಟ್ಟಿಗೆಯು ಮುಂದಕ್ಕೂ ಮೇಲಕ್ಕೂ ಸರಿದು ನಾಲಿಗೆಯ ಬುಡಕ್ಕೆ ಒತ್ತಿಕೊಳ್ಳುತ್ತದೆ, ಎಲೆಯಾಕಾರದ ಒಂದು ಮುಚ್ಚಳ ಅದರ ಬಾಯನ್ನು ಮುಚ್ಚುತ್ತದೆ, ಉಸಿರು ಕ್ಷಣಕಾಲ ನಿಲ್ಲುತ್ತದೆ. ತುತ್ತು ದಾಟಿದ ಮೇಲೆ ಮುಚ್ಚಳ ಪುನಃ ತೆರೆಯುತ್ತದೆ. ಇಷ್ಟೆಲ್ಲವೂ ಒಂದು ಗುಟುಕಿನಲ್ಲಿ ನಡೆದುಹೋಗುತ್ತದೆ.

ತಲೆಯನ್ನು ಹಿಂದಕ್ಕೆ ಎತ್ತಿ ಕತ್ತು ಬಿಗಿದರೆ ಗಂಟಲಿನ ಮುಂಭಾಗದ ಸ್ನಾಯುಗಳು ಎಳೆದ ಹಗ್ಗದಂತಾಗಿ ಧ್ವನಿಪೆಟ್ಟಿಗೆ ಸರಿಯಲಾರದು. ಮುಚ್ಚಳ ಸರಿಯಾಗಿ ಮುಚ್ಚುವುದಿಲ್ಲ. ಓದುಗರು ಇದನ್ನು ತಮ್ಮ ಮೇಲೆಯೇ ಪರೀಕ್ಷಿಸಬಹುದು. ಸೂರು ಕಾಣುವಷ್ಟು ತಲೆಯನ್ನು ಹಿಂದಕ್ಕೆ ಬಾಗಿಸಿ ಎಂಜಲು ನುಂಗಲು ನೋಡಿ. ಎಷ್ಟು ಕಷ್ಟವೆಂದು ತಿಳಿಯುತ್ತದೆ. ಅನಂತರ ಗಲ್ಲವನ್ನು ತುಸು ತಗ್ಗಿಸಿ ನುಂಗಿ ನೋಡಿ. ಪ್ರಜ್ಞೆ ತಪ್ಪಿದವನಿಗೆ ಉಸಿರು ಸರಾಗವಾಗಲೆಂದು ಪ್ರಥಮ ಚಿಕಿತ್ಸೆಯಲ್ಲಿ ತಲೆಯನ್ನು ಹಿಂದಕ್ಕೆ ಬಾಗಿಸಿ ಗಲ್ಲ ಎತ್ತುತ್ತಾರೆ. ಗಾಳಿಯ ದಾರಿಯನ್ನು ತೆರೆಯುವ ಭಂಗಿಯದು. ನಾವು ದನವನ್ನು ಸರಿಸುಮಾರು ಅದೇ ಭಂಗಿಯಲ್ಲಿ ನಿಲ್ಲಿಸಿ, ತೆರೆದ ಗಾಳಿದಾರಿಯ ಬಾಯಿಗೆ ಲೀಟರುಗಟ್ಟಲೆ ಕಷಾಯ ಸುರಿಯುತ್ತೇವೆ.

ನಾಲಿಗೆಯನ್ನು ಎಳೆದು ಹಿಡಿಯುವುದು ಇನ್ನೂ ಕೆಟ್ಟದ್ದು. ನುಂಗುವ ಕ್ರಿಯೆಯನ್ನು ಆರಂಭಿಸುವುದೇ ನಾಲಿಗೆ. ಅದನ್ನು ಹೊರಗೆ ಹಿಡಿದುಕೊಂಡರೆ ದನ ನುಂಗಲಾರದು, ದ್ರವವು ತಾನಾಗಿ ಇಳಿಯುತ್ತದೆ, ಇಳಿಯುವಲ್ಲಿ ಯಾವ ದಾರಿ ತೆರೆದಿದೆಯೋ ಅಲ್ಲಿಗೆ ಹೋಗುತ್ತದೆ.

ತಲೆ ಎತ್ತದಿದ್ದರೆ ಔಷಧ ಹೊಟ್ಟೆಗೆ ಇಳಿಯುವುದು ಹೇಗೆ ಎಂಬ ಸಂಶಯ ಬಹಳ ಜನರಿಗಿದೆ. ಕೊಡದಿಂದ ಹಂಡೆಗೆ ನೀರು ಸುರಿಯುವ ಲೆಕ್ಕ ದನಕ್ಕೆ ಹೊಂದುವುದಿಲ್ಲ. ದನ ಹಳ್ಳದಲ್ಲಿ ನೀರು ಕುಡಿಯುವುದನ್ನು ನೋಡಿರಿ. ಮೂತಿ ಪಾದದ ಮಟ್ಟದಲ್ಲಿರುತ್ತದೆ, ಹೊಟ್ಟೆ ಅದಕ್ಕಿಂತ ಬಹಳ ಮೇಲಿರುತ್ತದೆ. ಆದರೂ ನೀರು ಏರುತ್ತದೆ. ದೊಡ್ಡ ಹಸುವಿನ ಅನ್ನನಾಳ ಹತ್ತಿರ ಹತ್ತಿರ ಒಂದು ಮೀಟರ್ ಉದ್ದವಿದ್ದು, ಅದರ ಗೋಡೆಯ ಸ್ನಾಯುಗಳು ಅಲೆಯಂತೆ ಹಿಂಡುತ್ತಾ ಗುಟುಕನ್ನು ಒಯ್ಯುತ್ತವೆ. ಮೆಲುಕು ಹಾಕುವಾಗ ಅದೇ ನಾಳ ಮೇವನ್ನು ಹಿಂದಿರುಗಿಸಿ ಬಾಯಿಗೆ ತರುತ್ತದೆ. ಇಂತಹ ಪಂಪು ಇರುವ ಪ್ರಾಣಿಗೆ ನಮ್ಮ ಎತ್ತುವಿಕೆಯ ಸಹಾಯ ಬೇಕಿಲ್ಲ. ದ್ರವವು ಬಾಯಿಯಿಂದ ಹೊರಕ್ಕೆ ಸೋರದಷ್ಟು ಮೂತಿ ಎತ್ತಿದರೆ ಸಾಕು.

ಕುಡಿಸುವ ಕ್ರಮ

ದನವನ್ನು ನಿಲ್ಲಿಸಿ ಕಂಬಕ್ಕೆ ಅಥವಾ ಗೋಡೆಗೆ ಒತ್ತಾಗಿ ಕಟ್ಟಬೇಕು. ಕಟ್ಟುವುದು ಪಕ್ಕಕ್ಕೆ, ಮೇಲಕ್ಕಲ್ಲ. ಕುಡಿಸುವವರು ದನದ ಬಲಬದಿಗೆ, ಅದು ಮುಖ ಮಾಡಿದ ದಿಕ್ಕಿಗೇ ಮುಖ ಮಾಡಿ ನಿಂತು, ಎಡಗೈಯನ್ನು ಮೂತಿಯ ಮೇಲಿನಿಂದ ಬಳಸಿ ಆಚೆಬದಿಯ ಬಾಯಿಯ ಮೂಲೆಗೆ ಬೆರಳು ಹಾಕಬೇಕು. ಮುಂಬದಿಯ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲಿಲ್ಲದ ಜಾಗವಿರುವುದರಿಂದ ಅಲ್ಲಿ ಬೆರಳಿಗೆ ಅಪಾಯವಿಲ್ಲ. ಅಂಗುಳನ್ನು ಬೆರಳಿನಿಂದ ಮುಟ್ಟಿದರೆ ದನ ಬಾಯಿ ತೆರೆಯುತ್ತದೆ. ಬಲಗೈಯಲ್ಲಿ ಸೀಸೆ ಹಿಡಿದು ಈಚೆಬದಿಯ ಬಾಯಿಯ ಮೂಲೆಯಿಂದ ಒಳಕ್ಕೆ ತೂರಿಸಿ, ನಾಲಿಗೆಯ ಮೇಲೆ ದ್ರವವನ್ನು ಬಿಡಬೇಕು. ಗಂಟಲಿಗೆ ತೂರಿಸಕೂಡದು.

ಮೂತಿಯ ಎತ್ತರಕ್ಕೆ ಗುರುತು ಬೇಕಾದರೆ ಇಷ್ಟು ನೆನಪಿಡಿ. ಮೂಗಿನ ತುದಿ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು, ಇಡೀ ತಲೆ ಬೆನ್ನಿನ ಗೆರೆಗಿಂತ ಮೇಲೇರಬಾರದು. ಕತ್ತು ಪಕ್ಕಕ್ಕೆ ತಿರುಚಿಕೊಂಡಿರಬಾರದು.

ಒಂದು ಸಲಕ್ಕೆ ಒಂದು ಗುಟುಕು, ಎಂದರೆ 50ರಿಂದ 100 ಮಿ.ಲೀ. ಸಾಕು. ಗಂಟಲಿನ ಕೆಳಬದಿಯನ್ನು ನೋಡುತ್ತಿದ್ದರೆ ಗುಟುಕು ಹೋದದ್ದು ಕಾಣುತ್ತದೆ. ಅದು ಕಂಡ ಮೇಲೆಯೇ ಮುಂದಿನದು. ದನ ಕೆಮ್ಮಿದರೆ, ಕೆಮ್ಮಲು ಯತ್ನಿಸಿದರೆ, ಅಥವಾ ಬೆದರಿ ಕೊಸರಿಕೊಂಡರೆ ಕೂಡಲೇ ಕೈಬಿಟ್ಟು ತಲೆಯನ್ನು ಕೆಳಗೆ ಹಾಕಲು ಬಿಡಬೇಕು. ಕೆಮ್ಮು ಖಾರದಿಂದ ಬಂತೆಂದು ಭಾವಿಸಿ ಸುರಿಯುವುದನ್ನು ಮುಂದುವರಿಸುವುದೇ ಹೆಚ್ಚಿನ ಸಾವುಗಳಿಗೆ ಕಾರಣ. ದನ ಕೂಗುತ್ತಿರುವಾಗಲೂ ಸುರಿಯಬಾರದು. ಕೂಗುವಾಗ ಗಾಳಿಯ ದಾರಿ ತೆರೆದೇ ಇರುತ್ತದೆ.

ಬಿದಿರಿನ ಗೊಟ್ಟವನ್ನೇ ಬಳಸುವವರು ಅದರ ಅಂಚನ್ನು ಉಜ್ಜಿ ನುಣುಪು ಮಾಡಿರಬೇಕು, ಸಿಬಿರಿದ್ದರೆ ಗಂಟಲಿಗೆ ಗಾಯವಾಗುತ್ತದೆ. ಗಾಜಿನ ಸೀಸೆ ಬೇಡ, ದನ ಕಚ್ಚಿದರೆ ಒಡೆಯುತ್ತದೆ. ಉದ್ದ ಕತ್ತಿನ ಪ್ಲಾಸ್ಟಿಕ್ ಸೀಸೆ ಒಳ್ಳೆಯದು. ಇದೆಲ್ಲಕ್ಕಿಂತ ಉತ್ತಮವಾದದ್ದು ಕುಡಿಸದೆ ತಿನ್ನಿಸುವುದು. ತಿನ್ನುವ ದನವಾದರೆ ಔಷಧವನ್ನು ಬೆಲ್ಲ, ತವುಡು, ಹಿಂಡಿಯ ಜೊತೆ ಕಲಸಿ ಮುಂದಿಡಿರಿ. ಹಾಗೆ ಕೊಡಬಹುದೇ ಎಂದು ಔಷಧ ಬರೆದುಕೊಡುವ ವೈದ್ಯರನ್ನು ಒಂದು ಮಾತು ಕೇಳಿದರಾಯಿತು.

ಕರಾವಳಿ, ಮಲೆನಾಡಿನ ರೈತರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಮಲೆನಾಡು ಗಿಡ್ಡ ತಳಿಯ ಹಸು ಮೂರು ಅಡಿಯ ಆಸುಪಾಸಿನ ಎತ್ತರದ್ದು. ಅದರ ಪಕ್ಕದಲ್ಲಿ ನೆಟ್ಟಗೆ ನಿಂತವರ ಕೈ ತಾನಾಗಿಯೇ ಮೂತಿಯನ್ನು ತಮ್ಮ ಎದೆಮಟ್ಟಕ್ಕೆ ಎತ್ತುತ್ತದೆ. ಎದೆಮಟ್ಟವೆಂದರೆ ಆ ಹಸುವಿಗೆ ಆಕಾಶ. ಗಿಡ್ಡ ದನಕ್ಕೆ, ಕರುವಿಗೆ, ಆಡಿಗೆ ಕುಡಿಸುವಾಗ ನೀವು ಬಗ್ಗಬೇಕು ಅಥವಾ ಮಂಡಿಯೂರಬೇಕು, ಪ್ರಾಣಿಯನ್ನು ಎತ್ತಬಾರದು.

ಎಣ್ಣೆ ಮತ್ತು ಹೊಟ್ಟೆ ಉಬ್ಬರ

ಹೊಟ್ಟೆ ಉಬ್ಬರಕ್ಕೆ ಕಡಲೆ ಎಣ್ಣೆ ಕುಡಿಸುವ ರೂಢಿ ತಪ್ಪಲ್ಲ. ನೊರೆಯುಬ್ಬರದಲ್ಲಿ ಎಣ್ಣೆ ನೊರೆಯನ್ನು ಒಡೆಯುತ್ತದೆ. ಆದರೆ ಕುಡಿಸುವ ವಸ್ತುಗಳಲ್ಲಿ ಎಣ್ಣೆಯಷ್ಟು ಮೋಸದ್ದು ಬೇರೊಂದಿಲ್ಲ. ಖಾರದ ಕಷಾಯ ಶ್ವಾಸನಾಳವನ್ನು ಮುಟ್ಟಿದರೆ ದನ ಕೆಮ್ಮಿ ಎಚ್ಚರಿಕೆ ಕೊಡುತ್ತದೆ. ಎಣ್ಣೆ, ಅದರಲ್ಲೂ ಲಿಕ್ವಿಡ್ ಪ್ಯಾರಾಫಿನ್‌ನಂತಹ ರುಚಿಯಿಲ್ಲದ ಎಣ್ಣೆ, ಕೆಮ್ಮು ಬರಿಸದೆ ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಒಮ್ಮೆ ಇಳಿದರೆ ಹೊರಬರುವುದಿಲ್ಲ. ಆದ್ದರಿಂದ ಎಣ್ಣೆಯನ್ನು ಇನ್ನೂ ನಿಧಾನವಾಗಿ, ಇನ್ನೂ ಚಿಕ್ಕ ಗುಟುಕಿನಲ್ಲಿ ಕೊಡಬೇಕು.

ಉಬ್ಬರ ಬಂದ ದನವನ್ನು ಮುಂಗಾಲು ಎತ್ತರದಲ್ಲಿ, ಹಿಂಗಾಲು ತಗ್ಗಿನಲ್ಲಿ ಇರುವಂತೆ ಇಳಿಜಾರಿನಲ್ಲಿ ನಿಲ್ಲಿಸಿದರೆ ಗಾಳಿ ಹೊರಬರಲು ಅನುಕೂಲ. ದೊಡ್ಡ ಹೊಟ್ಟೆಯಲ್ಲಿ ಗಾಳಿ ಮೇಲೆ, ದ್ರವ ಕೆಳಗೆ ನಿಲ್ಲುತ್ತದೆ. ಅನ್ನನಾಳ ಬಂದು ಸೇರುವ ಬಾಯಿ ಹೊಟ್ಟೆಯ ಮುಂಭಾಗದಲ್ಲಿದೆ. ಮುಂಭಾಗ ಎತ್ತರವಾದರೆ ಆ ಬಾಯಿ ದ್ರವದಿಂದ ಮೇಲೆ ಬಂದು ತೇಗು ಹೊರಡುತ್ತದೆ. ಇಲ್ಲಿ ಎತ್ತುವುದು ಇಡೀ ಮೈಯ ಮುಂಭಾಗವನ್ನೇ ಹೊರತು ಮೂತಿಯನ್ನಲ್ಲ. ಈ ವ್ಯತ್ಯಾಸವನ್ನು ಮರೆತು ಇಳಿಜಾರಿನಲ್ಲೂ ಮೂಗುದಾರ ಜಗ್ಗುವವರನ್ನು ಕಂಡಿದ್ದೇನೆ. ಹೊಟ್ಟೆ ಬಹಳ ಬಿಗಿದು ದನ ಉಸಿರಿಗೆ ಒದ್ದಾಡುತ್ತಿದ್ದರೆ ಏನನ್ನೂ ಕುಡಿಸಬೇಡಿ, ವೈದ್ಯರನ್ನು ಕರೆಸಿರಿ.

ಮಾವಿನ ಗೊರಟು, ಮರಗೆಣಸಿನ ದಪ್ಪ ತುಂಡು, ಹಲಸಿನ ಗೂಂಜು ಅನ್ನನಾಳದಲ್ಲಿ ಸಿಕ್ಕಿಕೊಂಡು ಉಬ್ಬರ ಬರುವುದೂ ಉಂಟು. ಕತ್ತು ಚಾಚುವುದು, ಜೊಲ್ಲು ಸುರಿಸುವುದು, ನುಂಗಲು ಪದೇ ಪದೇ ಯತ್ನಿಸುವುದು ಅದರ ಚಿಹ್ನೆ. ತುಂಡು ಕೆಳಗಿಳಿಯಲೆಂದು ನೀರು ಸುರಿದರೆ ಅದು ತಡೆದು ನಿಂತು ಶ್ವಾಸನಾಳಕ್ಕೆ ಉಕ್ಕುತ್ತದೆ. ಇವನ್ನೆಲ್ಲ ಚಿಕ್ಕದಾಗಿ ಕೊಚ್ಚಿ ಹಾಕಿದರೆ ಈ ತಾಪತ್ರಯವೇ ಬಾರದು.

ಮಲಗಿದ ದನ

ಅಡ್ಡ ಬಿದ್ದಿರುವ ದನಕ್ಕೆ ಎಂದೂ ಬಾಯಿಯಿಂದ ಏನನ್ನೂ ಹಾಕಕೂಡದು. ಆರೋಗ್ಯವಂತ ದನ ಮಲಗುವಾಗ ಎದೆಯ ಮೇಲೆ ಮಲಗಿ, ಕಾಲು ಮಡಿಸಿ, ತಲೆ ಎತ್ತಿ ಮೆಲುಕು ಹಾಕುತ್ತದೆ. ಪೂರಾ ಪಕ್ಕಕ್ಕೆ ಚೆಲ್ಲಿ ಬಿದ್ದರೆ ಹೊಟ್ಟೆಯ ಬಾಯಿ ದ್ರವದಲ್ಲಿ ಮುಳುಗಿ ತೇಗು ಹೊರಡದು. ಗಾಳಿ ತುಂಬಿ ಹೊಟ್ಟೆ ಉಬ್ಬುತ್ತದೆ. ಆ ಒತ್ತಡಕ್ಕೆ ಹೊಟ್ಟೆಯಲ್ಲಿರುವುದು ಗಂಟಲಿಗೆ ಉಕ್ಕಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಗಾಗಿ ಬಿದ್ದ ದನಕ್ಕೆ ಮಾಡಬೇಕಾದ ಮೊದಲ ಉಪಚಾರವೆಂದರೆ ಭಂಗಿಯದೇ. ಎದೆಯ ಮೇಲೆ ಕೂರಿಸಿ, ಎರಡೂ ಬದಿಗೆ ಬೈಹುಲ್ಲು ತುಂಬಿದ ಗೋಣಿಚೀಲ ಒತ್ತುಕೊಡಬೇಕು. ಕೆಲವು ಗಂಟೆಗಳಿಗೊಮ್ಮೆ ಮಗ್ಗುಲು ಬದಲಿಸಬೇಕು.

ಕರು ಹಾಕಿದ ಒಂದೆರಡು ದಿನಗಳಲ್ಲಿ ಹೆಚ್ಚು ಹಾಲಿನ ಹಸು ಏಳಲಾರದೆ, ಕತ್ತನ್ನು ಪಕ್ಕೆಗೆ ಮಡಿಸಿ, ಕಿವಿ ತಣ್ಣಗಾಗಿ ಮಲಗುವುದುಂಟು. ರಕ್ತದಲ್ಲಿ ಸುಣ್ಣದಂಶ ಇಳಿದುದರಿಂದ ಬರುವ ಈ ಕಾಯಿಲೆಗೆ ಹಾಲುಜ್ವರವೆಂದು ಹೆಸರಿದ್ದರೂ ಜ್ವರವಿರುವುದಿಲ್ಲ. ಸುಣ್ಣದಂಶವಿಲ್ಲದೆ ಸ್ನಾಯುಗಳು ಕೆಲಸ ಮಾಡುವುದಿಲ್ಲ, ನುಂಗುವ ಸ್ನಾಯುಗಳೂ ಅಷ್ಟೆ. ಬಾಣಂತಿ ಹಸುವಿಗೆ ಶಕ್ತಿ ಬರಲೆಂದು ಬೆಲ್ಲದ ನೀರು, ಕಾಫಿ, ಗಂಜಿ ಸುರಿಯುವುದು ಇಂತಹ ಸಮಯದಲ್ಲೇ. ಪಶುವೈದ್ಯರು ಕ್ಯಾಲ್ಸಿಯಮ್ಮನ್ನು ರಕ್ತನಾಳಕ್ಕೆ ಕೊಟ್ಟರೆ ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುವ ಹಸುವನ್ನು ನಾವು ಒಂದು ಚೆಂಬು ಬೆಲ್ಲದ ನೀರಿನಿಂದ ಕಳೆದುಕೊಳ್ಳುತ್ತೇವೆ.

ನುಂಗುವ ಶಕ್ತಿ ಇದೆಯೇ ಎಂದು ತಿಳಿಯಲು ಮುಂದೆ ಒಂದು ಬಕೆಟ್ ನೀರಿಡಿ. ತಾನಾಗಿ ಕುಡಿದು ಗುಟುಕಿಸಿದರೆ ಇದೆ. ಬಾಯಲ್ಲಿ ಮೇವು ಹಾಗೇ ನಿಂತಿದ್ದರೆ, ನಾಲಿಗೆ ಜೋತಿದ್ದರೆ, ಜೊಲ್ಲು ಹಗ್ಗದಂತೆ ಇಳಿಯುತ್ತಿದ್ದರೆ ಇಲ್ಲ. ಇಂತಹ ಜೊಲ್ಲು ಸುರಿಸುವ ದನದ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಕೈ ಹಾಕುವುದು ಮನುಷ್ಯನ ಪ್ರಾಣಕ್ಕೇ ಕುತ್ತಾಗಬಹುದು. ಹುಚ್ಚುನಾಯಿ ಕಚ್ಚಿದ ದನಕ್ಕೆ ರೇಬಿಸ್ ಬಂದಾಗ ಗಂಟಲಿನ ಸ್ನಾಯು ಸತ್ತು ನುಂಗಲಾರದೆ ಹೀಗೇ ಜೊಲ್ಲು ಸುರಿಸುತ್ತದೆ. ಹುಚ್ಚು ಹಿಡಿದ ದನ ಹಾಯಲೇಬೇಕೆಂದಿಲ್ಲ, ಮಂಕಾಗಿ ನಿಲ್ಲುವುದೂ ಉಂಟು. ಕೈ ಹಾಕಿದ್ದಾದರೆ, ಜೊಲ್ಲು ಗಾಯಕ್ಕೆ ತಾಗಿದ್ದಾದರೆ, ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು.

ಕಾಲುಬಾಯಿ ಜ್ವರದಲ್ಲಿ ಬಾಯಿಯ ಹುಣ್ಣಿನಿಂದ ನುಂಗಲು ನೋವಾಗುತ್ತದೆ. ಆಗಲೂ ಗೊಟ್ಟ ಬೇಡ. ತಣ್ಣನೆಯ ಗಂಜಿಯನ್ನು ಅಗಲ ಪಾತ್ರೆಯಲ್ಲಿ ಕೆಳಗಿಟ್ಟರೆ ಹಸಿದ ದನ ತಾನಾಗಿ ಹೀರುತ್ತದೆ.

ಕರುವಿನ ವಿಷಯ

ಕರುವಿಗೆ ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಸೇರಬೇಕು. ಮೊದಲ ದಿನದಲ್ಲಿ ಒಟ್ಟು ಅದರ ತೂಕದ ಹತ್ತನೆಯ ಒಂದು ಪಾಲು, ಎಂದರೆ 25 ಕಿಲೋ ತೂಗುವ ಕರುವಿಗೆ ಎರಡೂವರೆ ಲೀಟರು ಬೇಕು. ಈ ಆತುರದಲ್ಲಿ, ಮೊಲೆ ಚೀಪಲಾರದ ಬಡಕಲು ಕರುವಿನ ಬಾಯಿ ಎತ್ತಿ ಸುರಿದುಬಿಡುತ್ತಾರೆ.

ಹಾಲು ಕುಡಿಯುವ ಕರುವಿನ ಹೊಟ್ಟೆಯಲ್ಲಿ ವಿಶೇಷವಾದ ಒಂದು ಏರ್ಪಾಡಿದೆ. ಕರು ಚೀಪಲು ತೊಡಗಿದಾಗ ಅನ್ನನಾಳದ ಕೊನೆಯಲ್ಲಿರುವ ಒಂದು ತೋಡು ಮಡಚಿಕೊಂಡು ಕೊಳವೆಯಂತಾಗಿ, ಹಾಲು ಮೊದಲ ಹೊಟ್ಟೆಗೆ ಬೀಳದೆ ನೇರವಾಗಿ ನಾಲ್ಕನೆಯ ಹೊಟ್ಟೆಗೆ, ಎಂದರೆ ಹಾಲು ಜೀರ್ಣವಾಗುವ ಜಾಗಕ್ಕೆ ಹೋಗುತ್ತದೆ. ಬಲವಂತವಾಗಿ ಸುರಿದ ಹಾಲಿಗೆ ಈ ತೋಡು ಸರಿಯಾಗಿ ಮುಚ್ಚುವುದಿಲ್ಲ. ಹಾಲು ಮೊದಲ ಹೊಟ್ಟೆಯಲ್ಲಿ ನಿಂತು ಹುಳಿಯುತ್ತದೆ, ಕರು ಭೇದಿ ಮಾಡಿಕೊಳ್ಳುತ್ತದೆ. ಶ್ವಾಸನಾಳಕ್ಕೆ ಹೋಗುವ ಅಪಾಯ ಬೇರೆ ಇದ್ದೇ ಇದೆ.

ಬಡಕಲು ಕರುವನ್ನು ಎದೆಯ ಮೇಲೆ ಕೂರಿಸಿ, ಸ್ವಚ್ಛವಾದ ಬೆರಳನ್ನು ಬಾಯೊಳಗಿಟ್ಟು ಚೀಪಲು ಕಲಿಸಿರಿ. ಚೀಪತೊಡಗಿದ ಮೇಲೆ ರಬ್ಬರ್ ತೊಟ್ಟಿನ ಸೀಸೆ ಕೊಡಿ. ತಾಯಿಯ ಕೆಚ್ಚಲಿನ ಕೆಳಗೆ ಕರು ಕತ್ತನ್ನು ಮುಂದಕ್ಕೆ ಚಾಚಿ ಮೂತಿಯನ್ನು ತುಸುವೇ ಮೇಲೆ ಮಾಡಿರುತ್ತದಲ್ಲ, ಸೀಸೆಯನ್ನೂ ಅದೇ ಎತ್ತರದಲ್ಲಿ ಹಿಡಿಯಬೇಕು. ತೊಟ್ಟಿನ ತೂತು ದೊಡ್ಡದು ಮಾಡಬಾರದು. ಹಾಲು ಧಾರೆಯಾಗಿ ಸುರಿದರೆ ಕರು ಚೀಪುವುದಿಲ್ಲ, ಮುಳುಗುತ್ತದೆ.

ಗೋದಲಿ ಎಷ್ಟು ಎತ್ತರ?

ಇನ್ನು ನನ್ನ ಸ್ವಂತ ಕ್ಷೇತ್ರವಾದ ಮೇವಿಗೆ ಬರುತ್ತೇನೆ. ಕರಾವಳಿಯ ಹಟ್ಟಿಗಳಲ್ಲಿ ಕೆಂಪುಕಲ್ಲಿನಿಂದ ಕಟ್ಟಿದ ಗೋದಲಿಗಳು ದನದ ಎದೆಮಟ್ಟಕ್ಕಿರುವುದನ್ನು ಬಹಳ ಕಡೆ ನೋಡುತ್ತೇವೆ. ಹುಲ್ಲು ಹಾಕುವವರಿಗೆ ಬಗ್ಗುವುದು ತಪ್ಪುತ್ತದೆಂಬುದು ಬಿಟ್ಟರೆ ಇದರಿಂದ ಲಾಭವಿಲ್ಲ. ತಲೆ ತಗ್ಗಿಸಿ ಮೇಯುವಂತೆ ತಿನ್ನುವ ಹಸುವಿಗೆ, ತಲೆ ನೇರವಾಗಿಟ್ಟು ತಿನ್ನುವ ಹಸುವಿಗಿಂತ ಶೇಕಡಾ 17ರಷ್ಟು ಹೆಚ್ಚು ಜೊಲ್ಲು ಬರುತ್ತದೆಂದು ಹೈನು ಸಂಶೋಧಕರು ತಿಳಿಸಿದ್ದಾರೆ. ದೊಡ್ಡ ಹಸು ದಿನಕ್ಕೆ 100 ಲೀಟರಿಗೂ ಮಿಕ್ಕಿ ಜೊಲ್ಲು ಸುರಿಸುವ ಪ್ರಾಣಿ. ಆ ಜೊಲ್ಲಿನಲ್ಲಿರುವ ಸೋಡಾ ಅಂಶವೇ ಹೊಟ್ಟೆಯ ಹುಳಿಯನ್ನು ತಣಿಸುತ್ತದೆ, ಒಣ ಬೈಹುಲ್ಲನ್ನು ನುಂಗಲು ನುಣುಪು ಕೊಡುತ್ತದೆ. ಹಿಂಡಿ, ತವುಡು ಹೆಚ್ಚಾಗಿ ತಿನ್ನುವ ಹಸುವಿಗಂತೂ ಈ ಜೊಲ್ಲು ಬೇಕೇ ಬೇಕು.

ಹೊಸ ಹಟ್ಟಿ ಕಟ್ಟುವವರು ಗೋದಲಿಯ ತಳವನ್ನು ದನ ನಿಲ್ಲುವ ನೆಲಕ್ಕಿಂತ 10ರಿಂದ 15 ಸೆಂ.ಮೀ. ಮಾತ್ರ ಎತ್ತರ ಇಡಿರಿ. ಹಳೆಯ ಗೋದಲಿ ಇರುವವರು ಅದನ್ನು ಒಡೆಯುವ ಅಗತ್ಯವಿಲ್ಲ, ಹಗ್ಗವನ್ನು ಉದ್ದ ಬಿಟ್ಟು ಹಸಿಹುಲ್ಲನ್ನಾದರೂ ಮುಂದಿನ ನೆಲದಲ್ಲಿ ಹಾಕಬಹುದು. ನೇಪಿಯರ್ ಹುಲ್ಲು ಬಲಿತಿದ್ದರೆ ಕತ್ತರಿಸಿಯೇ ಹಾಕಬೇಕು.

ಮನೆಯೊಳಗೂ ಇದೇ

ಹಟ್ಟಿಯ ಮಾತಿನ ನಡುವೆ ಮನೆಯ ಮಾತನ್ನೂ ಒಂದಿಷ್ಟು ಹೇಳುವುದು ಅಸಂಗತವಾಗಲಾರದು. ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಅಳುತ್ತಿರುವಾಗಲೇ ಒಳಲೆಯಿಂದ ಹರಳೆಣ್ಣೆಯನ್ನೋ ಹಾಲನ್ನೋ ಹೊಯ್ಯುವ ಪದ್ಧತಿಯು ಮೇಲೆ ಹೇಳಿದ ಗೊಟ್ಟದ ಪದ್ಧತಿಯೇ. ಎಣ್ಣೆ ಶ್ವಾಸಕೋಶ ಸೇರಿ ಬರುವ ನ್ಯುಮೋನಿಯಾ ಮಕ್ಕಳ ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಕಾಯಿಲೆ. ಕೂಸಿಗೆ ಎಣ್ಣೆ ಹೊಯ್ಯುವುದನ್ನೇ ಬಿಡಬೇಕು. ವೈದ್ಯರ ಸಲಹೆಯಂತೆ ಒಳಲೆಯಿಂದ ಹಾಲು ಕೊಡಬೇಕಾಗಿ ಬಂದರೆ ತಲೆ ಎತ್ತರದಲ್ಲಿರುವಂತೆ ತೊಡೆಯ ಮೇಲೆ ಕೂರಿಸಿಕೊಂಡು, ತುಟಿಗೆ ತಾಗಿಸಿ, ಅದು ನುಂಗಿದಂತೆಲ್ಲ ಕೊಡಬೇಕು.

ಲಕ್ವ ಹೊಡೆದ ಹಿರಿಯರಿಗೆ ಮಲಗಿದಲ್ಲೇ ಗಂಜಿ ಹಾಕುವುದೂ ಹಾಗೆಯೇ. ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಬೇಕು. ಉಣಿಸುವವರು ನಿಂತುಕೊಂಡರೆ ಅವರು ಮುಖವೆತ್ತಿ ನೋಡುತ್ತಾರೆ, ಕತ್ತು ಹಿಂದಕ್ಕೆ ಬಾಗುತ್ತದೆ. ಆದುದರಿಂದ ಎದುರಿಗೆ ಕುಳಿತು ಉಣಿಸಿರಿ. ಗಲ್ಲ ತುಸು ತಗ್ಗಿರಲಿ. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ನೀರು ಕುಡಿದಾಗಲೆಲ್ಲ ಕೆಮ್ಮು ಬರುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಗಳಿಗೂ ಪರೀಕ್ಷೆ, ಚಿಕಿತ್ಸೆ ಇವೆ.

ದಾರಿ ತಪ್ಪಿದ್ದಾದರೆ

ಕುಡಿಸಿದ ಔಷಧ ಶ್ವಾಸಕೋಶಕ್ಕೆ ಬಹಳವಾಗಿ ಹೋಗಿದ್ದರೆ ದನ ನಿಮಿಷಗಳಲ್ಲೇ ನೆಲಕ್ಕುರುಳಬಹುದು. ಸ್ವಲ್ಪ ಹೋಗಿದ್ದರೆ ಆ ದಿನ ಏನೂ ಕಾಣದೆ, ಒಂದೆರಡು ದಿನಗಳಲ್ಲಿ ಜ್ವರ, ಏದುಸಿರು, ಮೂಗಿನಿಂದ ಕೀವಿನಂತಹ ಸಿಂಬಳ, ಉಸಿರಿನಲ್ಲಿ ದುರ್ವಾಸನೆ ತೋರುತ್ತವೆ. ದುರ್ವಾಸನೆ ಬರುವವರೆಗೆ ಕಾದರೆ ಚಿಕಿತ್ಸೆಯ ಫಲ ಕಡಮೆ. ಕುಡಿಸುವಾಗ ಜೋರಾಗಿ ಕೆಮ್ಮಿದ ದನವನ್ನು ತಲೆ ತಗ್ಗಿಸಿ ನಿಲ್ಲಲು ಬಿಟ್ಟು, ನೆರಳಿನಲ್ಲಿ ಅಲುಗಾಡಿಸದೆ ಇರಿಸಿ, ಅಂದೇ ಪಶು ಆಸ್ಪತ್ರೆಗೆ ತಿಳಿಸಿರಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಫೋನು ಮಾಡಬಹುದು. ಅದುವರೆಗೆ ಇನ್ನೊಂದು ಗೊಟ್ಟ ಹಾಕಬಾರದು.

ವೈದ್ಯರು ಬಂದಾಗ ಏನು ಕುಡಿಸಿದಿರಿ, ಎಷ್ಟು ಕುಡಿಸಿದಿರಿ, ಎಷ್ಟು ಹೊತ್ತಿಗೆ, ಕೆಮ್ಮಿತೇ ಇಲ್ಲವೇ ಎಂಬುದನ್ನು ಮುಚ್ಚಿಡದೆ ಹೇಳಿರಿ. ಬೈಯುತ್ತಾರೆಂಬ ಸಂಕೋಚದಿಂದ ಕಷಾಯದ ಸುದ್ದಿಯನ್ನೇ ಎತ್ತದವರು ಬಹಳ ಮಂದಿ. ಅದು ತಿಳಿಯದಿದ್ದರೆ ವೈದ್ಯರು ಹೊಟ್ಟೆಯ ಕಾಯಿಲೆಗೆ ಮದ್ದು ಕೊಟ್ಟು ಹೋಗುವರು, ಮತ್ತು ಆ ಮದ್ದನ್ನೂ ನೀವು ಗೊಟ್ಟದಲ್ಲೇ ಹಾಕುವಿರಿ.